ಚಾಲೂ ಆಗುವುದಕ್ಕಿಂತ ಬಂದ್ ಆಗುವುದು ಮುಖ್ಯ

ಕೇಳುಗರಿಗೆ ನಮಸ್ಕಾರ.

ಬೆಳಗಾವಿ, ಹುಬ್ಬಳ್ಳಿ, ವಿಜಯಪುರ, ಕಲಬುರಗಿ ಕಡೆಯಿಂದ ಐಟಿಐ, ಡಿಪ್ಲೊಮಾ ಮುಗಿಸಿ ಪುಣೆಗೆ ಬಂದು, ಭೋಸರಿಯಲ್ಲೋ ಚಾಕಣ್‌ನಲ್ಲೋ ಕೆಲಸಕ್ಕೆ ಸೇರಿದ ತಮ್ಮ ತಂಗಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾತು ಆಡುತ್ತಿದ್ದೇನೆ. ಸಣ್ಣ ವರ್ಕ್‌ಶಾಪಿನ ಮಾಲೀಕರು ಪಿಎಲ್‌ಸಿ, ಅಂದರೆ ಮೆಶಿನ್ ನಡೆಸುವ ಕಾರ್ಖಾನೆಯ ಕಂಪ್ಯೂಟರ್, ಕೊಳ್ಳಲು ಹಿಂದೆಮುಂದೆ ನೋಡುತ್ತಾರೆ. ಬುಧವಾರ ಪೇಠೆಯಲ್ಲಿ, ಪಾಸೋಡ್ಯಾ ವಿಠೋಬಾ ಗುಡಿಯ ಆಸುಪಾಸಿನ ಅಂಗಡಿಗಳಲ್ಲಿ, ಆರ್ಡುಯಿನೊ ಮತ್ತು ಇಎಸ್‌ಪಿ32 ಎಂಬ, ಪ್ರೋಗ್ರಾಮ್ ಬರೆದು ನಡೆಸುವ ಸಣ್ಣ ಬೋರ್ಡುಗಳು ಅಗ್ಗವಾಗಿ ಸಿಗುತ್ತವೆ. ಇದರಿಂದಲೇ ಒಂದು ಜಿಗ್, ಅಂದರೆ ಕೆಲಸದ ತುಂಡು ಹಿಡಿಯುವ ಸಾಧನ, ನಡೆಸೋಣ, ಗಾಳಿಯ ಸಿಲಿಂಡರ್ ಓಡಿಸೋಣ ಎಂಬ ಹುಮ್ಮಸ್ಸು ಬರುತ್ತದೆ. ಆ ಹುಮ್ಮಸ್ಸು ನನಗೆ ತುಂಬ ಇಷ್ಟ. ಅದು ಸುಟ್ಟ ಬೋರ್ಡಿನಲ್ಲಿ ಕೊನೆಯಾಗಬಾರದು, ಯಾರ ಬೆರಳಿಗೂ ಪೆಟ್ಟಾಗಬಾರದು.

ಮೊದಲು ಲೆಕ್ಕ. ಆರ್ಡುಯಿನೊ ಊನೊದ ಒಂದು ಪಿನ್ನಿನಿಂದ ನೆಮ್ಮದಿಯಾಗಿ ಪಡೆಯಬಹುದಾದದ್ದು 5 ವೋಲ್ಟಿನಲ್ಲಿ 20 ಮಿಲಿಆಂಪ್. 40 ದಾಟಿದರೆ ಚಿಪ್ ಕೆಡಬಹುದು. ಅತ್ತ 24 ವೋಲ್ಟಿನ, 4.8 ವ್ಯಾಟ್‌ನ ಸೊಲೆನಾಯ್ಡ್ ವಾಲ್ವಿಗೆ, ಅಂದರೆ ಕರೆಂಟಿನಿಂದ ಗಾಳಿಯ ದಾರಿ ಬದಲಿಸುವ ವಾಲ್ವಿಗೆ, 200 ಮಿಲಿಆಂಪ್ ಬೇಕು. ಪಿನ್ನು ಕೊಡುವುದು 0.1 ವ್ಯಾಟ್, ವಾಲ್ವ್ ಕೇಳುವುದು ಅದರ 48 ಪಟ್ಟು. ಆದ್ದರಿಂದ ನಡುವೆ ಒಂದು ಸ್ವಿಚ್ ಬೇಕೇ ಬೇಕು. ಇಷ್ಟು ಎಲ್ಲರಿಗೂ ಗೊತ್ತು.

ವಾಲ್ವಿನೊಳಗಿನ ತಂತಿಯ ಸುರುಳಿ, ಅಂದರೆ ಕಾಯಿಲ್, ಬಂದ್ ಆಗುವ ಕ್ಷಣದ ಬಗ್ಗೆ ಮಾತ್ರ ಯೋಚಿಸುವವರು ಕಡಿಮೆ. ಕಾಯಿಲ್‌ನಲ್ಲಿ ಕರೆಂಟ್ ಹರಿಯುವಾಗ ಅದರ ಸುತ್ತ ಕಾಂತಕ್ಷೇತ್ರ ಕಟ್ಟಿಕೊಂಡಿರುತ್ತದೆ. ಸ್ವಿಚ್ ಥಟ್ಟನೆ ಬಂದ್ ಆದರೂ ಕರೆಂಟ್ ಥಟ್ಟನೆ ನಿಲ್ಲಲಾರದು. ದಾರಿ ಇಲ್ಲದಿದ್ದರೆ ಕಾಯಿಲ್ ತಾನೇ ವೋಲ್ಟೇಜ್ ಏರಿಸುತ್ತದೆ, ಕೆಲವು ಸಲ ನೂರಾರು ವೋಲ್ಟಿನವರೆಗೆ. ಸ್ವಿಚ್ಚಾಗಿ ಹಾಕಿದ ರಿಲೇಯ ಕಾಂಟ್ಯಾಕ್ಟಿನಲ್ಲಿ ಕಿಡಿ ಹಾರುವುದು ಇದರಿಂದಲೇ. ಕಿಡಿಯ ಗದ್ದಲ ಹತ್ತಿರದ ವಾಯರುಗಳಿಗೂ ಹೊಕ್ಕುತ್ತದೆ. ಮೆಶಿನ್ ಇದ್ದಕ್ಕಿದ್ದಂತೆ ರೀಸೆಟ್ ಆದಾಗ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತ ಕೂರುವ ಮೊದಲು ಕಾಯಿಲ್‌ನತ್ತ ನೋಡಿ. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು 1ಎನ್4007 ಡಯೋಡನ್ನು ಕಾಯಿಲ್‌ನ ಎರಡು ತುದಿಗೆ ಅಡ್ಡವಾಗಿ, ಬಿಳಿ ಗೆರೆಯ ಕಡೆ ಪ್ಲಸ್ಸಿಗೆ ಬರುವಂತೆ ಬೆಸುಗೆ ಹಾಕಿದರೆ ಕರೆಂಟ್ ಅದರಲ್ಲೇ ಸುತ್ತಿ ಕರಗಿ ಹೋಗುತ್ತದೆ. ಡಯೋಡ್ ಕಾಯಿಲ್‌ನ ಹತ್ತಿರವೇ ಇರಲಿ. ಇದು ಡಿಸಿ ಕಾಯಿಲ್‌ಗೆ ಮಾತ್ರ. 230 ವೋಲ್ಟ್ ಎಸಿ ಕಾಂಟ್ಯಾಕ್ಟರಿಗೆ, ಅಂದರೆ ದೊಡ್ಡ ರಿಲೇಗೆ, ರೆಸಿಸ್ಟರ್ ಮತ್ತು ಕೆಪಾಸಿಟರ್ ಸೇರಿದ ಸ್ನಬರ್ ಬೇಕು.

ಈಗ ಸ್ವಿಚ್. ಕೈಲಿ ಪೆನ್ನು ಇದ್ದರೆ ಬರೆದುಕೊಳ್ಳಿ. ಕಾಯಿಲ್ ಮತ್ತು ಮೈನಸ್ ನಡುವೆ ಕೂರುವ ಎಲೆಕ್ಟ್ರಾನಿಕ್ ಸ್ವಿಚ್ ಮಾಸ್ಫೆಟ್. ಐಆರ್‌ಎಫ್540ಎನ್ ಎಂಬ ಮಾಸ್ಫೆಟ್ 100 ವೋಲ್ಟ್ ತಡೆಯುತ್ತದೆ, ಎಲ್ಲೆಡೆ ಸಿಗುತ್ತದೆ. ಆದರೆ ಅದು ಪೂರ್ತಿ ಚಾಲೂ ಆಗಲು ಅದರ ಗೇಟಿಗೆ, ಅಂದರೆ ಅದನ್ನು ನಿಯಂತ್ರಿಸುವ ಕಾಲಿಗೆ, 10 ವೋಲ್ಟ್ ಬೇಕು. ಇಎಸ್‌ಪಿ32ರ 3.3 ವೋಲ್ಟನ್ನು ನೇರ ಕೊಟ್ಟರೆ ಚಾಲೂ ಆಗುವ ಭರವಸೆಯೇ ಇಲ್ಲ, ಆದರೂ ಅರೆಬರೆ ಚಾಲೂ ಆಗಿ ಬಿಸಿಯಾಗುತ್ತದೆ. ನಡುವೆ ಪಿಸಿ817 ಆಪ್ಟೊಕಪ್ಲರ್ ಹಾಕಿ; ಅದು ಬೆಳಕಿನ ಮೂಲಕ ಸಂಕೇತ ದಾಟಿಸಿ ಎರಡು ಬದಿಯ ವಿದ್ಯುತ್ತನ್ನು ಬೇರೆಯಾಗಿಡುತ್ತದೆ. ಚಿಪ್ಪಿನ ಪಿನ್ನು 330 ಓಮ್ ಮೂಲಕ ಅದರೊಳಗಿನ ಎಲ್‌ಇಡಿ ಉರಿಸುತ್ತದೆ, ಆರು ಮಿಲಿಆಂಪ್ ಸಾಕು. ಆಚೆ ಬದಿಯಲ್ಲಿ 24 ವೋಲ್ಟಿನಿಂದ ಆಪ್ಟೊ ದಾಟಿ, 10 ಕಿಲೋಓಮ್ ಮೂಲಕ ಗೇಟಿಗೆ ಬನ್ನಿ. ಗೇಟಿನಿಂದ ಮೈನಸ್ಸಿಗೆ ಇನ್ನೊಂದು 10 ಕಿಲೋಓಮ್. ಗೇಟಿಗೆ ಸಿಗುವುದು ಸುಮಾರು 12 ವೋಲ್ಟ್. 24 ವೋಲ್ಟನ್ನು ಹಾಗೇ ಕೊಡಬೇಡಿ, ಗೇಟಿನ ಮಿತಿ 20.

ಗೇಟಿನಿಂದ ಮೈನಸ್ಸಿಗೆ ಹಾಕಿದ ಆ 10 ಕಿಲೋಓಮ್ ನನಗೆ ಈ ಸರ್ಕಿಟ್ಟಿನ ಅತಿ ಪ್ರೀತಿಯ ಭಾಗ. ಚಿಪ್ ಬೂಟ್ ಆಗುವಾಗ ಪಿನ್ನುಗಳು ಕೆಲ ಹೊತ್ತು ಯಾರ ಮಾತನ್ನೂ ಕೇಳುವುದಿಲ್ಲ. ಆಗ ಎಲ್‌ಇಡಿ ಉರಿಯದಿದ್ದರೆ ಈ ರೆಸಿಸ್ಟರ್ ಗೇಟನ್ನು ಸೊನ್ನೆಯಲ್ಲೇ ಹಿಡಿದಿರುತ್ತದೆ. ಇಎಸ್‌ಪಿ32ರ ಕೆಲವು ಪಿನ್ನುಗಳು ಬೂಟ್ ಆಗುವಾಗ ತಾವೇ ಮೇಲೇಳುತ್ತವೆ. ಅವನ್ನು ವಾಲ್ವಿಗೆ ಬಳಸಲೇಬೇಡಿ.

ಆಪ್ಟೊ ಹಾಕಿಯೂ ಅದರ ಲಾಭ ಕಳೆದುಕೊಳ್ಳುವವರು ಬಹಳ ಮಂದಿ. 24 ವೋಲ್ಟಿನ ಮೈನಸ್ಸನ್ನೂ ಬೋರ್ಡಿನ ಗ್ರೌಂಡನ್ನೂ ಒಂದೇ ಕನೆಕ್ಟರಿನಲ್ಲಿ ಸೇರಿಸಿಬಿಡುತ್ತಾರೆ, ಇಲ್ಲವೇ ಅದೇ 24ರಿಂದ, ವೋಲ್ಟೇಜ್ ಇಳಿಸುವ ಬಕ್ ಕನ್ವರ್ಟರ್ ಹಾಕಿ 5 ವೋಲ್ಟ್ ತೆಗೆಯುತ್ತಾರೆ. ಬೋರ್ಡಿಗೆ ಬೇರೆಯದೇ ಸಣ್ಣ ಎಸ್‌ಎಂಪಿಎಸ್, ಅಂದರೆ ಪವರ್ ಸಪ್ಲೈ, ಕೊಡಿ. ಮಾರುಕಟ್ಟೆಯ ನೀಲಿ ರಿಲೇ ಬೋರ್ಡುಗಳಲ್ಲಿ ಜೆಡಿ-ವಿಸಿಸಿ ಎಂದು ಬರೆದ ಜಂಪರ್ ಇದ್ದರೆ ಅದನ್ನು ಕಿತ್ತು ರಿಲೇಗೂ ಬೇರೆ ಸಪ್ಲೈ ಕೊಡಬೇಕು. ಕರೆಂಟ್ ತೆಗೆದು ಎರಡು ಮೈನಸ್ಸುಗಳ ನಡುವೆ ಮೀಟರ್ ಹಿಡಿಯಿರಿ. ಬೀಪ್ ಬಂದರೆ ಬೇರ್ಪಡೆ ಇಲ್ಲ.

ಇನ್ನು ಎಮರ್ಜೆನ್ಸಿ ಸ್ಟಾಪ್. ಆ ಕೆಂಪು ಗುಂಡಿಯನ್ನು ಬರೀ ಚಿಪ್ಪಿನ ಇನ್‌ಪುಟ್ಟಿಗೆ ಕೊಟ್ಟು ಪ್ರೋಗ್ರಾಮಿನಲ್ಲಿ ಓದಿದರೆ ಸಾಲದು. ಮಾಸ್ಫೆಟ್ ಕೆಟ್ಟಾಗ ಸಾಮಾನ್ಯವಾಗಿ ಶಾರ್ಟ್ ಆಗಿಯೇ ಕೆಡುತ್ತದೆ, ಆಗ ಯಾವ ಪ್ರೋಗ್ರಾಮೂ ವಾಲ್ವನ್ನು ಬಂದ್ ಮಾಡಲಾರದು. ಗುಂಡಿಯ ಕಾಂಟ್ಯಾಕ್ಟ್ ಎನ್‌ಸಿ, ಅಂದರೆ ಒತ್ತದಿರುವಾಗ ಕೂಡಿದ್ದು ಒತ್ತಿದಾಗ ಬಿಡುವಂಥದ್ದು, ಆಗಿರಲಿ, ವಾಲ್ವಿನ 24 ವೋಲ್ಟ್ ಅದರ ಮೂಲಕವೇ ಹಾದುಬರಲಿ. ವಾಯರ್ ಕಡಿದರೂ ಮೆಶಿನ್ ನಿಲ್ಲುತ್ತದೆ. ಕೈ ಸಿಕ್ಕಿಕೊಳ್ಳುವಂಥ ಪ್ರೆಸ್ಸುಗಳಿಗಾದರೆ ಇಷ್ಟೂ ಸಾಲದು, ಅಲ್ಲಿ ಪ್ರಮಾಣಿತ ಸೇಫ್ಟಿ ರಿಲೇಯೇ ಬೇಕು.

ಒಂದು ಮಾತು ಮಾಲೀಕರನ್ನೂ ಆಪರೇಟರನ್ನೂ ಕೂರಿಸಿಕೊಂಡೇ ತೀರ್ಮಾನಿಸಬೇಕು: ಕರೆಂಟ್ ಹೋದರೆ ಸಿಲಿಂಡರ್ ಎಲ್ಲಿ ನಿಲ್ಲಬೇಕು? ತಳ್ಳುವ ಸಿಲಿಂಡರ್ ಹಿಂದಕ್ಕೆ ಬಂದರೆ ಒಳ್ಳೆಯದು. ಆದರೆ ಮಿಲ್ಲಿಂಗ್ ಕಟರ್ ತಿರುಗುತ್ತಿರುವಾಗ ಜಾಬ್, ಅಂದರೆ ಕೆಲಸದ ತುಂಡು, ಹಿಡಿದ ಕ್ಲಾಂಪ್ ಬಿಟ್ಟುಕೊಂಡರೆ ಅನಾಹುತ. ಅಲ್ಲಿ ಕರೆಂಟ್ ಇಲ್ಲದಾಗಲೂ ಕ್ಲಾಂಪ್ ಹಿಡಿದೇ ಇರುವಂಥ ವಾಲ್ವ್ ಆರಿಸಬೇಕು. ಗಾಳಿಯೇ ಹೋದರೆ ಏನು ಎಂದೂ ಕೇಳಿಕೊಳ್ಳಿ. ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವ್ ಅಲ್ಲಿ ನೆರವಿಗೆ ಬರುತ್ತದೆ.

ಎಲ್ಲ ಜೋಡಿಸಿದ ಮೇಲೆ ಗಾಳಿಯ ಲೈನ್ ಮುಚ್ಚಿ, ಒಳಗಿರುವ ಗಾಳಿ ಬಿಟ್ಟು, ವಾಲ್ವ್ ಚಾಲೂ ಮಾಡಿ. ಅದು ಚಾಲೂ ಇರುವಾಗಲೇ ಬೋರ್ಡಿನ ಸಪ್ಲೈ ಕಿತ್ತುಹಾಕಿ. ವಾಲ್ವಿನ ದೀಪ ಆರಬೇಕು. ಸಪ್ಲೈ ಮತ್ತೆ ಕೊಟ್ಟಾಗ, ಯಾರೂ ಸ್ಟಾರ್ಟ್ ಒತ್ತದೆ ಅದು ಹೊತ್ತಬಾರದು. ಹತ್ತಾರು ಸಲ ಹೀಗೆ ಮಾಡಿ ನೋಡಿದ ಮೇಲೆಯೇ ಗಾಳಿ ಬಿಡಿ. ನಮಸ್ಕಾರ.