ಒಂದೇ ಫಸ್ಟ್ ಬೇಸ್‌ಗೆ ಇಬ್ಬರು: ಜೈಂಟ್ಸ್ ತಂಡದ ಏಳು ವರ್ಷ

ಎಲ್ಲರಿಗೂ ನಮಸ್ಕಾರ.

ಕ್ರಿಕೆಟ್ ನೋಡಿ ಬೆಳೆದವರ ಮುಂದೆ ಬೇಸ್‌ಬಾಲ್ ಬಗ್ಗೆ ಮಾತಾಡುವುದು ಸ್ವಲ್ಪ ಧೈರ್ಯದ ಕೆಲಸ. ಹಾಗಾಗಿ ಇಡೀ ಆಟವನ್ನು ವಿವರಿಸಲು ಹೋಗುವುದಿಲ್ಲ. ಮೈದಾನದ ಒಂದೇ ಒಂದು ಜಾಗದ ಬಗ್ಗೆ ಮಾತಾಡುತ್ತೇನೆ: ಫಸ್ಟ್ ಬೇಸ್. ಆ ಜಾಗಕ್ಕಾಗಿ ನಮ್ಮ ಬೇ ಏರಿಯಾದ ತಂಡ, ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್‌ನಲ್ಲಿ ನಡೆದ ಒಂದು ದೊಡ್ಡ ಪೈಪೋಟಿಯ ಕಥೆ ಇದು. ಇಲ್ಲಿರುವ ಎಷ್ಟೋ ಜನ ಆ ಮೈದಾನಕ್ಕೆ ಹೋಗಿರುತ್ತೀರಿ. ಬಲಗಡೆ ಗೋಡೆಯ ಆಚೆ ನೀರಿದೆಯಲ್ಲ, ಹೋಂ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ಚೆಂಡು ಹಿಡಿಯಲು ಜನ ಕಾಯಾಕ್‌ನಲ್ಲಿ ಕಾಯುತ್ತಿರುತ್ತಾರಲ್ಲ, ಅದನ್ನು ಮೆಕೋವಿ ಕೋವ್ ಅಂತ ಕರೆಯುತ್ತಾರೆ. ವಿಲ್ಲಿ ಮೆಕೋವಿ ಈ ಕಥೆಯ ಇಬ್ಬರಲ್ಲಿ ಒಬ್ಬರು.

ಮೊದಲು ಆ ಕೆಲಸ ಏನು ಅಂತ ನೋಡೋಣ. ಚೆಂಡು ಹೊಡೆದ ಬ್ಯಾಟರ್ 90 ಅಡಿ ಓಡಿ ಫಸ್ಟ್ ಬೇಸ್ ಮುಟ್ಟಬೇಕು. ನೆಲದ ಮೇಲೆ ಉರುಳಿ ಬಂದ ಚೆಂಡನ್ನು ಹಿಡಿದ ಫೀಲ್ಡರ್ ಅದಕ್ಕೂ ಮುಂಚೆ ಅಲ್ಲಿಗೆ ಎಸೆಯಬೇಕು. ಅದನ್ನು ಹಿಡಿಯುವವನು ಫಸ್ಟ್ ಬೇಸ್‌ಮನ್. ಒಂದು ಕಾಲು ಬೇಸಿಗೆ ತಾಗಿರಬೇಕು, ಉಳಿದ ಮೈಯನ್ನು ಚೆಂಡಿನ ಕಡೆ ಎಷ್ಟು ಚಾಚಲು ಆಗುತ್ತದೋ ಅಷ್ಟು ಚಾಚಬೇಕು. ಹಾಗಾಗಿ ಎತ್ತರದವನಿಗೆ ಲಾಭ. ಎಡಚನಾದರೆ ಇನ್ನೂ ಲಾಭ. ಅವನ ಗ್ಲೋವ್ ಬಲಗೈಯಲ್ಲಿ, ಅಂದರೆ ಮೈದಾನದ ಒಳಗಿನ ಕಡೆ ಇರುತ್ತದೆ. ಸೆಕೆಂಡ್ ಬೇಸಿಗೆ ಎಸೆಯಲು ಮೈ ತಿರುಗಿಸಬೇಕಾಗಿಲ್ಲ.

ಸುಲಭದ ಕೆಲಸ ಅಂತ ನಾನು ಹೇಳುವುದಿಲ್ಲ. ನೆಲಕ್ಕೆ ಬಡಿದು ಎಗರುವ ಕೆಟ್ಟ ಥ್ರೋಗಳನ್ನು ಹಿಡಿದು ಜೊತೆಗಾರರ ಮಾನ ಉಳಿಸುವುದು ದೊಡ್ಡ ವಿದ್ಯೆ. ಆದರೆ ಬೇರೆ ಜಾಗಗಳಿಗೆ ಹೋಲಿಸಿದರೆ ಇಲ್ಲಿ ಓಟ ಕಡಿಮೆ, ದೂರದ ಎಸೆತ ಕಡಿಮೆ. ಮಂಡಿ ಸವೆದವರು, ವಯಸ್ಸಾದವರು, ಕೈ ಸೋತವರು, ಆದರೆ ಬ್ಯಾಟ್ ಮಾತ್ರ ಇನ್ನೂ ಚುರುಕಾಗಿರುವವರು, ಎಲ್ಲರೂ ಕೊನೆಗೆ ಬಂದು ನಿಲ್ಲುವುದು ಇಲ್ಲೇ. ಅದಕ್ಕೇ ಈ ಜಾಗಕ್ಕೆ ನೂಕುನುಗ್ಗಲು. ತಂಡವೂ ಇಲ್ಲಿ ನಿಂತವನಿಂದ ಬ್ಯಾಟಿಂಗ್ ಜಾಸ್ತಿ ಕೇಳುತ್ತದೆ. ಸೆಕೆಂಡ್ ಮತ್ತು ಥರ್ಡ್ ಬೇಸ್ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಆಟಗಾರ ಸುಮಾರಾಗಿ ಬ್ಯಾಟ್ ಮಾಡಿದರೂ ನಡೆಯುತ್ತದೆ. ಫಸ್ಟ್ ಬೇಸ್‌ಮನ್‌ಗೆ ಆ ರಿಯಾಯಿತಿ ಇಲ್ಲ.

ಈ ವಿಷಯ ಬಂದಾಗಲೆಲ್ಲ ಅಮೆರಿಕದವರು ವಾಲಿ ಪಿಪ್ ಹೆಸರು ಹೇಳುತ್ತಾರೆ. ನ್ಯೂಯಾರ್ಕ್ ಯಾಂಕೀಸ್‌ನ ಫಸ್ಟ್ ಬೇಸ್‌ಮನ್. 1925ರ ಜೂನ್ 2ರಂದು ತಲೆನೋವು ಅಂತ ಕೂತರು, ಬದಲಿಗೆ ಲೂ ಗೆರಿಗ್ ಇಳಿದರು, ಆಮೇಲೆ 14 ವರ್ಷ ಆ ಜಾಗ ಬಿಡಲಿಲ್ಲ ಅನ್ನುವುದು ಕಥೆ. ಗೆರಿಗ್ ಸತತವಾಗಿ 2,130 ಪಂದ್ಯ ಆಡಿದ್ದು ನಿಜ. ತಲೆನೋವಿನ ಮಾತು ನನಗೆ ಅನುಮಾನ. ತಂಡ ಸೋಲುತ್ತಿತ್ತು, ಪಿಪ್ ಬ್ಯಾಟ್ ನಡೆಯುತ್ತಿರಲಿಲ್ಲ. ಮ್ಯಾನೇಜರ್ ಮಿಲ್ಲರ್ ಹಗಿನ್ಸ್ ಅದೇ ದಿನ ಸೆಕೆಂಡ್ ಬೇಸ್‌ಮನ್ ಮತ್ತು ಕ್ಯಾಚರ್ ಅವರನ್ನೂ ಬದಲಾಯಿಸಿದರು. ಮೂವರಿಗೂ ಒಟ್ಟಿಗೇ ತಲೆನೋವು ಬರುತ್ತದಾ? ಅಭ್ಯಾಸದಲ್ಲಿ ಪಿಪ್ ತಲೆಗೆ ಚೆಂಡು ಬಡಿದು ಆಸ್ಪತ್ರೆ ಸೇರಿದ್ದು ಅದಾದ ಒಂದು ತಿಂಗಳ ಮೇಲೆ. ಎರಡೂ ಸೇರಿ ಒಂದು ಕಥೆಯಾಗಿರಬೇಕು.

ನನ್ನ ಪ್ರಕಾರ ಅದು ಪೈಪೋಟಿಯೇ ಅಲ್ಲ. ಒಬ್ಬರು ಇಳಿಮುಖ, ಇನ್ನೊಬ್ಬರು ಏರುಮುಖ, ಅಷ್ಟೇ. ಇಬ್ಬರೂ ಏರುಮುಖವಾಗಿದ್ದಾಗ ಏನಾಗುತ್ತದೆ ಅನ್ನುವುದೇ ನಿಜವಾದ ತಲೆನೋವು. ಅದಕ್ಕೆ ಜೈಂಟ್ಸ್ ಕಥೆಗೆ ಬರೋಣ.

1958ರಲ್ಲಿ ಜೈಂಟ್ಸ್ ನ್ಯೂಯಾರ್ಕ್ ಬಿಟ್ಟು ಸ್ಯಾನ್ ಫ್ರಾನ್ಸಿಸ್ಕೋಗೆ ಬಂತು. ಏಪ್ರಿಲ್ 15ರಂದು ಸೀಲ್ಸ್ ಸ್ಟೇಡಿಯಂನಲ್ಲಿ ಮೊದಲ ಪಂದ್ಯ, ಎದುರಾಳಿ ಲಾಸ್ ಏಂಜಲಿಸ್ ಡಾಡ್ಜರ್ಸ್. ಜೈಂಟ್ಸ್ 8-0 ಗೆದ್ದಿತು. ಆ ದಿನ ಫಸ್ಟ್ ಬೇಸ್‌ನಲ್ಲಿ ನಿಂತು, ಒಂದು ಹೋಂ ರನ್ ಕೂಡ ಹೊಡೆದವರು 20 ವರ್ಷದ ಒರ್ಲಾಂಡೊ ಸೆಪೆಡಾ. ಪೋರ್ಟೊ ರಿಕೊದ ಹುಡುಗ. ಅಪ್ಪ ಪೆಡ್ರೊ ಸೆಪೆಡಾ ಆ ದ್ವೀಪದಲ್ಲಿ ಹೆಸರುವಾಸಿ ಆಟಗಾರ, ಜನ ಅವರನ್ನು ಗೂಳಿ ಅನ್ನುತ್ತಿದ್ದರು. ಹಾಗಾಗಿ ಮಗ ‘ಬೇಬಿ ಬುಲ್’ ಆದರು. ಮೊದಲ ವರ್ಷವೇ 25 ಹೋಂ ರನ್, ಸರಾಸರಿ .312. ಹತ್ತು ಸಲದಲ್ಲಿ ಮೂರು ಸಲ ಹಿಟ್, ಅಂದರೆ ಚೆಂಡು ಹೊಡೆದು ಔಟಾಗದೆ ಬೇಸ್ ಮುಟ್ಟುವುದು, ಸಿಕ್ಕರೆ ಒಳ್ಳೆಯ ಬ್ಯಾಟರ್ ಅಂತ ಲೆಕ್ಕ. ವರ್ಷದ ಹೊಸ ಆಟಗಾರ ಪ್ರಶಸ್ತಿಗೆ ಎಲ್ಲಾ ಮತಗಳೂ ಅವರಿಗೇ ಬಿದ್ದವು. ತಂಡದಲ್ಲಿ ವಿಲ್ಲಿ ಮೇಸ್ ಅಂಥ ಮಹಾನ್ ಆಟಗಾರ ಇದ್ದರೂ, ಅವರು ನ್ಯೂಯಾರ್ಕಿಂದ ಬಂದವರು. ಸೆಪೆಡಾ ಮಾತ್ರ ತಮ್ಮ ಊರಲ್ಲೇ ಆಟ ಶುರು ಮಾಡಿದವರು ಅಂತ ಇಲ್ಲಿನ ಜನಕ್ಕೆ ವಿಶೇಷ ಪ್ರೀತಿ.

ಸೆಪೆಡಾ ಬರುವ ಮುಂಚೆ ಆ ಜಾಗ ಬಿಲ್ ವೈಟ್ ಅವರದಾಗಿತ್ತು. 1956ರಲ್ಲಿ 22 ಹೋಂ ರನ್ ಹೊಡೆದಿದ್ದರು. ಆಮೇಲೆ ಸೈನ್ಯದ ಕರೆ ಬಂತು. 1958ರ ಮಧ್ಯದಲ್ಲಿ ವಾಪಸ್ ಬಂದು ನೋಡಿದರೆ ಜಾಗ ಹೋಗಿತ್ತು. ಜೈಂಟ್ಸ್ ಇಲ್ಲಿ ಗೊಂದಲ ಮಾಡಿಕೊಳ್ಳಲಿಲ್ಲ. 1959ರ ಮಾರ್ಚ್‌ನಲ್ಲಿ ವೈಟ್‌ರನ್ನು ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ಗೆ ಕೊಟ್ಟು ಪಿಚರ್ (ನಮ್ಮ ಬೌಲರ್ ಇದ್ದ ಹಾಗೆ) ಸ್ಯಾಮ್ ಜೋನ್ಸ್‌ರನ್ನು ತಂದರು. ಆ ವರ್ಷವೇ ಜೋನ್ಸ್ 21 ಪಂದ್ಯ ಗೆದ್ದುಕೊಟ್ಟರು. ವೈಟ್ ಕೂಡ ಅಲ್ಲಿ ಬೆಳಗಿದರು. ಸತತ ಏಳು ವರ್ಷ ಒಳ್ಳೆಯ ಫೀಲ್ಡರ್‌ಗೆ ಕೊಡುವ ಗೋಲ್ಡ್ ಗ್ಲೋವ್ ಗೆದ್ದರು, ಮುಂದೆ ನ್ಯಾಷನಲ್ ಲೀಗ್‌ನ ಅಧ್ಯಕ್ಷರೂ ಆದರು. ಎರಡೂ ಕಡೆ ಲಾಭವಾದ ವ್ಯವಹಾರ. ಈ ವ್ಯವಹಾರವನ್ನು ನೆನಪಿಟ್ಟುಕೊಳ್ಳಿ.

ಅದೇ 1959ರ ಜುಲೈಯಲ್ಲಿ ಫೀನಿಕ್ಸ್‌ನ ಕೆಳಹಂತದ ತಂಡದಲ್ಲಿ ಒಬ್ಬ ಎಡಗೈ ಬ್ಯಾಟರ್ .372 ಸರಾಸರಿಯಲ್ಲಿ ಆಡುತ್ತಿದ್ದರು. 6 ಅಡಿ 4 ಅಂಗುಲ ಎತ್ತರ, ಅಲಬಾಮಾದ ಮೊಬೀಲ್ ಊರಿನವರು. ಅವರೇ ವಿಲ್ಲಿ ಮೆಕೋವಿ. ಜುಲೈ 30ರಂದು ಮೊದಲ ಸಲ ಜೈಂಟ್ಸ್ ಪರ ಇಳಿದರು. ಎದುರಿಗೆ ಫಿಲಡೆಲ್ಫಿಯಾದ ರಾಬಿನ್ ರಾಬರ್ಟ್ಸ್, ಆ ಕಾಲದ ದೊಡ್ಡ ಪಿಚರ್. ನಾಲ್ಕು ಸಲ ಬ್ಯಾಟ್, ನಾಲ್ಕೂ ಹಿಟ್, ಅದರಲ್ಲಿ ಎರಡು ಟ್ರಿಪಲ್, ಅಂದರೆ ಒಂದೇ ಹೊಡೆತಕ್ಕೆ ಥರ್ಡ್ ಬೇಸ್‌ವರೆಗೆ! ಉಳಿದದ್ದು ಎರಡೇ ತಿಂಗಳು, ಆಡಿದ್ದು 52 ಪಂದ್ಯ, ಸರಾಸರಿ .354. ವರ್ಷದ ಹೊಸ ಆಟಗಾರ ಪ್ರಶಸ್ತಿಯ ಎಲ್ಲಾ ಮತಗಳು ಈ ಸಲ ಇವರಿಗೆ. ಒಂದೇ ತಂಡ, ಒಂದೇ ಜಾಗ, ಸತತ ಎರಡು ವರ್ಷ, ಎರಡೂ ಸಲ ಸರ್ವಾನುಮತ.

ಈಗ ಏನು ಮಾಡಬೇಕು?

ಆಗಿನ ಮ್ಯಾನೇಜರ್ ಬಿಲ್ ರಿಗ್ನಿ ಸೆಪೆಡಾರನ್ನು ಥರ್ಡ್ ಬೇಸ್‌ಗೆ ಕಳಿಸಿ ನೋಡಿದರು. ಕೆಲವೇ ಪಂದ್ಯಗಳಲ್ಲಿ ಆಗುವುದಿಲ್ಲ ಅಂತ ಗೊತ್ತಾಯಿತು. ಆಮೇಲೆ ಲೆಫ್ಟ್ ಫೀಲ್ಡ್, ಅಂದರೆ ಔಟ್‌ಫೀಲ್ಡ್‌ನ ಎಡಭಾಗ. ಸೆಪೆಡಾಗೆ ಇದು ಹಿಡಿಸಲಿಲ್ಲ, ಹಿಡಿಸಲಿಲ್ಲ ಅನ್ನುವುದನ್ನು ಮುಚ್ಚಿಡಲೂ ಇಲ್ಲ. ತನ್ನ ತಪ್ಪಿಲ್ಲದೆ ಜಾಗ ಕಳೆದುಕೊಂಡವರಿಗೆ ಹಾಗನಿಸುವುದು ಸಹಜ, ಅಲ್ವಾ? 1960ರಲ್ಲಿ ತಿರುಗುಮುರುಗು. ಮೆಕೋವಿ ಬ್ಯಾಟ್ ಮಂಕಾಯಿತು, ಅವರನ್ನೇ ಮತ್ತೆ ಕೆಳಹಂತಕ್ಕೆ ಕಳಿಸಿದರು. ರಿಗ್ನಿ ಕೂಡ ಆ ಜೂನ್‌ನಲ್ಲಿ ಕೆಲಸ ಕಳೆದುಕೊಂಡರು. 1961ರಲ್ಲಿ ಆಲ್ವಿನ್ ಡಾರ್ಕ್ ಮ್ಯಾನೇಜರ್ ಆಗಿ ಬಂದರು. ಆ ವರ್ಷ ಸೆಪೆಡಾ 46 ಹೋಂ ರನ್ ಹೊಡೆದು 142 ರನ್ ತಂದುಕೊಟ್ಟರು. ಎರಡರಲ್ಲೂ ಲೀಗ್‌ಗೇ ಮೊದಲಿಗರು. ಇನ್ನು ಅವರನ್ನು ಅಲ್ಲಾಡಿಸುವುದು ಹೇಗೆ? ಈಗ ಮೆಕೋವಿ ಲೆಫ್ಟ್ ಫೀಲ್ಡ್‌ಗೆ ಹೋಗಬೇಕಾಯಿತು. ಅವರ ಮಂಡಿ ಚೆನ್ನಾಗಿರಲಿಲ್ಲ, ಜೈಂಟ್ಸ್‌ನ ಆಗಿನ ಮೈದಾನ ಕ್ಯಾಂಡಲ್‌ಸ್ಟಿಕ್ ಪಾರ್ಕಿನ ಗಾಳಿಯಂತೂ ಕೇಳಲೇಬೇಡಿ. ಮೇಲೆ ಹೋದ ಚೆಂಡು ಎಲ್ಲಿ ಇಳಿಯುತ್ತದೆ ಅಂತ ಹೇಳುವುದೇ ಕಷ್ಟವಾದ ಮೈದಾನ ಅದು.

2003ರ ವಿಶ್ವಕಪ್ ನೆನಪಿದೆಯಾ? ಇನ್ನೊಬ್ಬ ಬ್ಯಾಟರ್‌ಗೆ ಜಾಗ ಮಾಡಲು ನಮ್ಮ ರಾಹುಲ್ ದ್ರಾವಿಡ್ ಕೈಗೆ ಕೀಪಿಂಗ್ ಗ್ಲೋವ್ ಕೊಟ್ಟರು. ಅಲ್ಲಿ ಬ್ಯಾಟರ್‌ಗೆ ಹೆಚ್ಚಿನ ಕೆಲಸ ಕಲಿಸಿ ಸಮಸ್ಯೆ ಬಗೆಹರಿಸಿದರು. ಜೈಂಟ್ಸ್ ಕೂಡ ಅದನ್ನೇ ಮಾಡಲು ಹೊರಟಿತ್ತು. ಆದರೆ ದ್ರಾವಿಡ್‌ಗೆ ಆ ಕೆಲಸ ಬರುತ್ತಿತ್ತು. ಇವರಿಬ್ಬರಿಗೂ ಫಸ್ಟ್ ಬೇಸ್ ಬಿಟ್ಟರೆ ಬೇರೆ ಜಾಗ ಸರಿಯಾಗಿ ಒಗ್ಗಲೇ ಇಲ್ಲ.

ಹಾಗಂತ ಇಬ್ಬರನ್ನೂ ಇಟ್ಟುಕೊಂಡಿದ್ದು ಬರೀ ನಷ್ಟ ಅನ್ನಲಾಗದು. 1962ರಲ್ಲಿ ಜೈಂಟ್ಸ್ ಲೀಗ್ ಗೆದ್ದು, ಎರಡು ಲೀಗ್‌ಗಳ ವಿಜೇತರ ನಡುವಿನ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್‌ಗೆ ಹೋಯಿತು. ಎದುರಿಗೆ ಯಾಂಕೀಸ್. ಅಕ್ಟೋಬರ್ 16, ಏಳನೇ ಪಂದ್ಯ, ಕೊನೆಯ ಇನಿಂಗ್ಸ್. ಜೈಂಟ್ಸ್ 0-1 ಹಿಂದಿದೆ, ಇಬ್ಬರು ಔಟ್. ಥರ್ಡ್ ಬೇಸ್‌ನಲ್ಲಿ ಮ್ಯಾಟಿ ಅಲೂ, ಸೆಕೆಂಡ್ ಬೇಸ್‌ನಲ್ಲಿ ಮೇಸ್. ಬ್ಯಾಟ್ ಹಿಡಿದು ಬಂದವರು ಮೆಕೋವಿ. ಅವರ ಹಿಂದೆ ಸರದಿಗೆ ಕಾಯುತ್ತಿದ್ದವರು ಸೆಪೆಡಾ.

ಫಸ್ಟ್ ಬೇಸ್ ಖಾಲಿ ಇತ್ತು. ಪಿಚರ್ ರಾಲ್ಫ್ ಟೆರ್ರಿ ಬೇಕೆಂದೇ ಹೊಡೆಯಲಾಗದ ಎಸೆತಗಳನ್ನು ಹಾಕಿ ಮೆಕೋವಿಯನ್ನು ಅಲ್ಲಿಗೆ ನಡೆಸಿ ಕಳಿಸಿ, ಸೆಪೆಡಾರನ್ನು ಎದುರಿಸಬಹುದಿತ್ತು. ಮೆಕೋವಿ ಅದೇ ಪಂದ್ಯದಲ್ಲಿ ಟೆರ್ರಿಗೆ ಒಂದು ಟ್ರಿಪಲ್ ಹೊಡೆದಿದ್ದರು. ಮೂರು ವರ್ಷದಿಂದ ಜೈಂಟ್ಸ್ ಮ್ಯಾನೇಜರ್‌ಗಳನ್ನು ಕಾಡಿದ್ದ ಪ್ರಶ್ನೆ ಈಗ ಎದುರಾಳಿಗಳ ಕೊರಳಿಗೆ ಬಿತ್ತು: ಇವರಾ, ಅವರಾ? ಮ್ಯಾನೇಜರ್ ರಾಲ್ಫ್ ಹೌಕ್ ನಡೆದು ಬಂದು ಪಿಚರ್ ಜೊತೆ ಮಾತಾಡಿದರು. ಮೆಕೋವಿಯನ್ನೇ ಎದುರಿಸುವುದು ಅಂತಾಯಿತು. ಮೆಕೋವಿ ಬಾರಿಸಿದ ಚೆಂಡು ಗುಂಡಿನ ಹಾಗೆ ಹೋಯಿತು, ಆದರೆ ನೇರವಾಗಿ ಸೆಕೆಂಡ್ ಬೇಸ್‌ಮನ್ ಬಾಬಿ ರಿಚರ್ಡ್‌ಸನ್ ಗ್ಲೋವ್‌ಗೆ. ಸ್ವಲ್ಪ ಆಚೀಚೆ ಹೋಗಿದ್ದರೂ ಇಬ್ಬರು ಓಡಿ ಬಂದು ಜೈಂಟ್ಸ್ ಚಾಂಪಿಯನ್.

ಇಬ್ಬರನ್ನೂ ಉಳಿಸಿಕೊಳ್ಳಬೇಕು ಅನ್ನುವ ವಾದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಇಲ್ಲ. 1963ರಲ್ಲಿ ಲೆಫ್ಟ್ ಫೀಲ್ಡ್‌ನಿಂದಲೇ ಮೆಕೋವಿ 44 ಹೋಂ ರನ್ ಹೊಡೆದು ಹ್ಯಾಂಕ್ ಆ್ಯರನ್ ಜೊತೆ ಲೀಗ್‌ನಲ್ಲಿ ಮೊದಲ ಸ್ಥಾನ ಹಂಚಿಕೊಂಡರು. ಸರಿ. ಆದರೆ ಇದಕ್ಕೆ ತೆತ್ತ ಬೆಲೆ ನೋಡಿ. ಔಟ್‌ಫೀಲ್ಡ್‌ನಲ್ಲಿ ಆಗಲೇ ಒಳ್ಳೆಯ ಆಟಗಾರರು ತುಂಬಿದ್ದರು. ಆ ಡಿಸೆಂಬರ್‌ನಲ್ಲಿ ಅವರಲ್ಲೊಬ್ಬರಾದ, ಮ್ಯಾಟಿಯ ಅಣ್ಣ ಫೆಲಿಪೆ ಅಲೂ ಅವರನ್ನು ಬ್ರೇವ್ಸ್ ತಂಡಕ್ಕೆ ಕಳಿಸಿದರು. 1966ರಲ್ಲಿ ಲೀಗ್‌ನಲ್ಲಿ ಎಲ್ಲರಿಗಿಂತ ಜಾಸ್ತಿ ಹಿಟ್ ಹೊಡೆದವರು ಅವರೇ. ಅಲೂ ಹೋಗಲು ಬೇರೆ ಕಾರಣವೂ ಇತ್ತು, ತಂಡಕ್ಕೆ ಪಿಚರ್‌ಗಳು ಬೇಕಾಗಿದ್ದರು. ಆದರೂ ಫಸ್ಟ್ ಬೇಸ್‌ಮನ್ ಒಬ್ಬರು ಅವರ ಪಕ್ಕದ ಜಾಗದಲ್ಲಿ ನಿಂತಿರದಿದ್ದರೆ ಅವರನ್ನು ಬಿಡುವುದು ಇಷ್ಟು ಸಲೀಸಾಗುತ್ತಿರಲಿಲ್ಲ.

ಕೊನೆಗೆ ತೀರ್ಮಾನ ಮಾಡಿದ್ದು ಮ್ಯಾನೇಜರ್ ಅಲ್ಲ, ಮಂಡಿ. ಸೆಪೆಡಾ ಮಂಡಿನೋವು ಹೆಚ್ಚಿತು. 1965ರಲ್ಲಿ ಅವರು ಆಡಿದ್ದು 33 ಪಂದ್ಯ ಮಾತ್ರ. ಮೆಕೋವಿ ಖಾಯಂ ಆಗಿ ಫಸ್ಟ್ ಬೇಸ್‌ಗೆ ಬಂದು 39 ಹೋಂ ರನ್ ಹೊಡೆದರು. 1966ರ ಮೇ 8ರಂದು ಸೆಪೆಡಾರನ್ನು ಕಾರ್ಡಿನಲ್ಸ್‌ಗೆ ಕೊಟ್ಟರು. ಕಾರ್ಡಿನಲ್ಸ್‌ನಲ್ಲಿ ಜಾಗ ಖಾಲಿ ಇದ್ದದ್ದು ಯಾಕೆ ಗೊತ್ತಾ? ಆರು ತಿಂಗಳ ಹಿಂದೆ ಅವರು ತಮ್ಮ ಫಸ್ಟ್ ಬೇಸ್‌ಮನ್‌ರನ್ನು ಫಿಲಡೆಲ್ಫಿಯಾಗೆ ಕಳಿಸಿದ್ದರು. ಆ ಫಸ್ಟ್ ಬೇಸ್‌ಮನ್ ಇನ್ನಾರೂ ಅಲ್ಲ, ಬಿಲ್ ವೈಟ್! ಸೆಪೆಡಾ ಬಂದಿದ್ದರಿಂದ ಜಾಗ ಬಿಟ್ಟು ಹೋದವರು, ಏಳು ವರ್ಷದ ಮೇಲೆ ಅದೇ ಸೆಪೆಡಾಗೆ ಇನ್ನೊಂದು ಊರಲ್ಲಿ ಜಾಗ ಬಿಟ್ಟುಕೊಟ್ಟ ಹಾಗಾಯಿತು.

ಸೆಪೆಡಾ ಬದಲಿಗೆ ಜೈಂಟ್ಸ್‌ಗೆ ಸಿಕ್ಕವರು ಪಿಚರ್ ರೇ ಸಡೆಕಿ. 1964ರಲ್ಲಿ 20 ಪಂದ್ಯ ಗೆದ್ದವರೇ. ಆದರೆ ಇಲ್ಲಿಗೆ ಬಂದ ವರ್ಷ ಗೆದ್ದದ್ದು ಮೂರು, ಸೋತದ್ದು ಏಳು. ಆ ವರ್ಷ ಜೈಂಟ್ಸ್ ಒಂದೂವರೆ ಪಂದ್ಯದ ಅಂತರದಲ್ಲಿ ಡಾಡ್ಜರ್ಸ್‌ಗೆ ಲೀಗ್ ಬಿಟ್ಟುಕೊಟ್ಟಿತು. ಮರುವರ್ಷ, 1967ರಲ್ಲಿ, ಸೆಪೆಡಾ ಲೀಗ್‌ನ ಅತ್ಯುತ್ತಮ ಆಟಗಾರರಾದರು, ಅದೂ ಸರ್ವಾನುಮತದಿಂದ. ಕಾರ್ಡಿನಲ್ಸ್ ವರ್ಲ್ಡ್ ಸೀರೀಸ್ ಗೆದ್ದಿತು.

ಹಾಗಾದರೆ ಜೈಂಟ್ಸ್ ತಪ್ಪು ಆಟಗಾರನನ್ನು ಉಳಿಸಿಕೊಂಡಿತಾ? ಇಲ್ಲ ಅಂತಲೇ ನನ್ನ ಅಭಿಪ್ರಾಯ. ಮೆಕೋವಿ 1969ರಲ್ಲಿ 45 ಹೋಂ ರನ್ ಹೊಡೆದು ಅದೇ ಅತ್ಯುತ್ತಮ ಆಟಗಾರ ಪ್ರಶಸ್ತಿ ಪಡೆದರು, ಒಟ್ಟು 521 ಹೋಂ ರನ್‌ಗಳೊಂದಿಗೆ ನಿವೃತ್ತರಾದರು. ಸೆಪೆಡಾ ಅವರದು 379. ಇಬ್ಬರೂ ಹಾಲ್ ಆಫ್ ಫೇಮ್‌ನಲ್ಲಿದ್ದಾರೆ, ಮೆಕೋವಿ 1986ರಲ್ಲಿ, ಸೆಪೆಡಾ 1999ರಲ್ಲಿ. ಆಯ್ಕೆ ಸರಿಯಾಗಿಯೇ ಇತ್ತು, ಹೊತ್ತು ಮೀರಿತ್ತು. ವೈಟ್‌ರನ್ನು ಬೆಲೆ ಇದ್ದಾಗ ಕೊಟ್ಟರು, 21 ಪಂದ್ಯ ಗೆಲ್ಲುವ ಪಿಚರ್ ಬಂದರು. ಸೆಪೆಡಾರನ್ನು ಮಂಡಿ ಕೆಟ್ಟ ಮೇಲೆ ಕೊಟ್ಟರು, ಸಿಕ್ಕಿದ್ದು ಅಷ್ಟಕ್ಕಷ್ಟೆ. ಊರಿನ ಮುದ್ದಿನ ಆಟಗಾರನನ್ನು 46 ಹೋಂ ರನ್ ಹೊಡೆದ ವರ್ಷ ಮಾರಲು ಯಾವ ಆಡಳಿತಕ್ಕೆ ಧೈರ್ಯ ಬಂದೀತು, ಅದೂ ನಿಜ.

ಇದೆಲ್ಲ ಹಳೆಯ ಕಾಲ, ಈಗ ಹೀಗಾಗಲ್ಲ ಅನ್ನಬಹುದು. ಒಂದರ್ಥದಲ್ಲಿ ಹೌದು. ಫೀಲ್ಡಿಂಗ್ ಮಾಡದೆ ಬರೀ ಬ್ಯಾಟ್ ಮಾಡುವ ಡೆಸಿಗ್ನೇಟೆಡ್ ಹಿಟ್ಟರ್ ನಿಯಮ ಅಮೆರಿಕನ್ ಲೀಗ್‌ಗೆ 1973ರಲ್ಲೇ ಬಂತು. ಮಂಡಿ ಸೋತ ಸೆಪೆಡಾ ಆ ವರ್ಷ ಬಾಸ್ಟನ್‌ನಲ್ಲಿ ಅದೇ ಕೆಲಸ ಮಾಡಿದರು. ಜೈಂಟ್ಸ್ ಇರುವ ನ್ಯಾಷನಲ್ ಲೀಗ್‌ಗೆ ಅದು ಖಾಯಂ ಆಗಿ ಬಂದದ್ದು 2022ರಲ್ಲಿ. ಆಗಲೇ ಇದ್ದಿದ್ದರೆ ಒಬ್ಬರು ಬೇಸ್‌ನಲ್ಲಿ, ಇನ್ನೊಬ್ಬರು ಬೆಂಚಿನಿಂದ ಬ್ಯಾಟಿಗೆ, ಮುಗಿಯಿತು.

ಆದರೆ ಸಂಪೂರ್ಣ ಮುಗಿದಿಲ್ಲ. 2025ರ ಮೇನಲ್ಲಿ ಬಾಸ್ಟನ್‌ನ ಫಸ್ಟ್ ಬೇಸ್‌ಮನ್ ಟ್ರಿಸ್ಟನ್ ಕಸಾಸ್ ಮಂಡಿಗೆ ದೊಡ್ಡ ಪೆಟ್ಟಾಯಿತು. ಅದೇ ತಂಡದಲ್ಲಿ ಬರೀ ಬ್ಯಾಟ್ ಮಾಡುತ್ತಿದ್ದ ರಫಾಯಲ್ ಡೆವರ್ಸ್‌ಗೆ ಆ ಜಾಗಕ್ಕೆ ಬಾ ಅಂದರು, ಅವರು ಒಲ್ಲೆ ಅಂದರು. ಜೂನ್‌ನಲ್ಲಿ ಅವರನ್ನು ಜೈಂಟ್ಸ್‌ಗೇ ಕಳಿಸಿಬಿಟ್ಟರು. ಇಲ್ಲಿ ಬಂದು ಜುಲೈಯಲ್ಲಿ ಅವರು ಫಸ್ಟ್ ಬೇಸ್‌ನಲ್ಲೇ ನಿಂತರು! ಸೆಪ್ಟೆಂಬರ್‌ನಲ್ಲಿ 20 ವರ್ಷದ ಬ್ರೈಸ್ ಎಲ್ಡ್ರಿಜ್ ತಂಡಕ್ಕೆ ಬಂದರು. 6 ಅಡಿ 7 ಅಂಗುಲದ ಫಸ್ಟ್ ಬೇಸ್‌ಮನ್. ಇಬ್ಬರೂ ಎಡಗೈ ಬ್ಯಾಟರ್‌ಗಳು, ಹಾಗಾಗಿ ಪಿಚರ್ ಎಡಗೈಯವನೋ ಬಲಗೈಯವನೋ ನೋಡಿ ಒಬ್ಬೊಬ್ಬರನ್ನು ಇಳಿಸುವ ಉಪಾಯವೂ ನಡೆಯುವುದಿಲ್ಲ. ಡೆವರ್ಸ್ ಒಪ್ಪಂದ 2033ರವರೆಗೆ ಇದೆ. ನನ್ನನ್ನು ಕೇಳಿದರೆ ಎತ್ತರದ ಹುಡುಗನಿಗೆ ಬೇಸ್, ಡೆವರ್ಸ್‌ಗೆ ಬರೀ ಬ್ಯಾಟ್. ಒಪ್ಪದವರು ಇಲ್ಲಿ ಇದ್ದೇ ಇರುತ್ತೀರಿ, ಮೈಕ್ ಈಗ ನಿಮ್ಮ ಕಡೆ ಬರುತ್ತಿದೆ.