ಹಿನ್ನೀರಲ್ಲಿ ನಮ್ಮ ಜೋಡಿದೋಣಿ, ಮತ್ತೆ ಭಾವನ ತೂಕ

ಹಿಂದೆ ಕಾಣುತ್ತಿರುವುದು ಶರಾವತಿ ಹಿನ್ನೀರಿನ ಸಿಗಂದೂರು ಸೇತುವೆ. 2025ರ ಜುಲೈನಲ್ಲಿ ಓಡಾಟ ಶುರುವಾಯಿತಲ್ಲ, ಅದೇ. ಇವತ್ತಿನ ವಿಷಯ ಅದಲ್ಲ. ಈಚೆ ದಡದಲ್ಲಿ ನೀಲಿ ಟಾರ್ಪಾಲ್ ಅಡಿಗೆ ಇರುವುದು ನಮ್ಮ ಕ್ಯಾಟಮರಾನ್. ಹೆಸರು ಬಂದಿದ್ದು ತಮಿಳಿನ ಕಟ್ಟುಮರದಿಂದ. ಅದು ದಿಮ್ಮಿಗಳನ್ನು ಕಟ್ಟಿದ ತೆಪ್ಪ, ಇದು ಎರಡು ಸಪೂರ ದೋಣಿ, ಮಧ್ಯೆ ಹಲಗೆ ಹಾಸು. ಭಾವ ಮೊದಲ ಸಲ ನೋಡಿ, "ಎಂತ ಮಾರಾಯ, ಇದು ದೋಣಿಯೋ ಮಂಚವೋ?" ಅಂದಿದ್ದರು.

ಮಂಚದ ಹಾಗೆ ಇರಬೇಕಾದ್ದೇ. ಬಲೆ ಎಳೆಯುವಾಗ ಇಬ್ಬರೂ ಒಂದೇ ಬದಿಗೆ ನಿಲ್ಲುತ್ತೇವೆ. ಸಣ್ಣ ದೋಣಿಯಾದರೆ ಅಂಚು ನೀರಿಗೆ ಬಾಗುತ್ತದೆ, ಇಲ್ಲಿ ಎರಡು ದೋಣಿ ದೂರ ದೂರ ಇರುವುದರಿಂದ ಅಷ್ಟು ಸುಲಭಕ್ಕೆ ವಾಲುವುದಿಲ್ಲ. ಹಾಗಂತ ಮಗುಚುವುದೇ ಇಲ್ಲ ಅಂತಲ್ಲ. ಮಗುಚಿದರೆ ತಾನಾಗಿ ನೆಟ್ಟಗಾಗುವುದೂ ಇಲ್ಲ. ಲೈಫ್ ಜಾಕೆಟ್ ಇಲ್ಲದೆ ಯಾರನ್ನೂ ಹತ್ತಿಸುವುದಿಲ್ಲ, ಭಾವನನ್ನೂ.

ನಾನು ಎಡವಿದ್ದು ತೂಕದಲ್ಲಿ. ಒಂದೊಂದು ದೋಣಿ 6 ಮೀಟರ್ ಉದ್ದ, 60 ಸೆಂಟಿಮೀಟರ್ ಅಗಲ, ತುದಿಗಳು ಚೂಪು. ನೀರಿನ ಮಟ್ಟದಲ್ಲಿ ಎರಡೂ ಸೇರಿ ಸುಮಾರು 5.4 ಚದರ ಮೀಟರ್ ಜಾಗ. ಅಂದ್ರೆ 54 ಕೆಜಿ ಹೇರಿದರೆ ಒಂದು ಸೆಂಟಿಮೀಟರ್ ಇಳಿಯುತ್ತದೆ. ಭಾವ ಒಬ್ಬರೇ ಒಂದೂವರೆ ಸೆಂಟಿಮೀಟರ್! ಅದರ ಮೇಲೆ ಐಸ್ ಪೆಟ್ಟಿಗೆ, ಬ್ಯಾಟರಿ, ಇರಲಿ ಅಂತ ಇನ್ನೊಂದು ಪೆಟ್ರೋಲ್ ಕ್ಯಾನ್, ಒದ್ದೆ ಬಲೆ. ಮೀನಿನಷ್ಟೇ ತೂಕದ ಐಸ್ ಬೇಕಲ್ವಾ, ಅದನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಸಂಜೆ ಗಾಳಿ ಎದ್ದಾಗ ಅಲೆ ಹಲಗೆಯ ಅಡಿಗೆ ಧಡ್ ಧಡ್ ಅಂತ ಬಡಿಯತೊಡಗಿತು, ಕಾಟ್ಲಾ ಒಂದು ಪೆಟ್ಟಿಗೆಯಿಂದ ಹಾರಿ ಭಾವನ ಕಾಲ ಮೇಲೆ ಬಿತ್ತು. ಸೀಳಿಕೊಂಡು ಹೋಗಬೇಕಾದ ದೋಣಿ ನೀರು ತಳ್ಳಿಕೊಂಡು ಹೋಗುತ್ತಿತ್ತು.

ಫೈಬರ್ ಕೆಲಸದ ಕಥೆ ಬೇಡ ಬಿಡಿ. ಸಾಗರದ ಮಳೆಗಾಲದಲ್ಲಿ ಶೆಡ್ಡಿನೊಳಗೆ ಫೈಬರ್ ಗಟ್ಟಿಯಾಗಲು ಹಚ್ಚುವ ರೆಸಿನ್ ಅಂಟು ಹಾಕಿ, ನಾಲ್ಕು ದಿನ ಆದರೂ ಅಂಟಂಟು. ಬೇಸಿಗೆಯಲ್ಲೇ ಮಾಡಬೇಕಿತ್ತು.

ಈಗ ಕ್ಯಾಮೆರಾ ಹತ್ತಿರ ತರುತ್ತೇನೆ. ನನ್ನ ಅಂಗೈಯಲ್ಲಿರುವ ಈ ಎರಡು ತುಂಡು ಪಿನ್ನು ನೋಡಿ. ಇಲ್ಲಿ 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಆದಾಗ ಮುಳುಗಿದ ಕಾಡಿನ ಬೊಡ್ಡೆಗಳು ಇನ್ನೂ ಇವೆ, ನೀರು ಇಳಿದಾಗ ತಲೆ ಎತ್ತುತ್ತವೆ. ಒಂದಕ್ಕೆ ದೋಣಿ ತಳ್ಳುವ ಎಂಜಿನ್ ಫ್ಯಾನು ಬಡಿಯಿತು, ಎಂಜಿನ್ ಕಿರುಚಿತು, ದೋಣಿ ನಿಂತಲ್ಲೇ ನಿಂತಿತು. ಕೆಟ್ಟು ಹೋಯಿತು ಅಂತ ಎದೆ ಧಸಕ್ಕೆಂದಿತು. ಆದ್ರೆ ಫ್ಯಾನನ್ನು ಎಂಜಿನ್ ದಂಡಕ್ಕೆ ಹಿಡಿದಿಡುವ ಈ ಪಿನ್ನು ಇರುವುದೇ ಮುರಿಯೋಕೆ, ಇದು ಮುರಿದರೆ ಒಳಗಿನ ಗೇರು ಉಳಿಯುತ್ತದೆ. ಜೇಬಲ್ಲಿ ಇನ್ನೊಂದು ಇರಲಿಲ್ಲ. ಹುಟ್ಟು ಹಾಕಿಕೊಂಡು ಎರಡು ಗಂಟೆ ಬಂದೆವು, ಭಾವ ದಾರಿಯುದ್ದಕ್ಕೂ ಒಂದು ಮಾತಾಡಲಿಲ್ಲ.

ಈಗ ಐದು ಪಿನ್ನು ಪೆಟ್ಟಿಗೆಯ ಮುಚ್ಚಳಕ್ಕೆ ಟೇಪಿನಲ್ಲಿ ಅಂಟಿಸಿಟ್ಟಿದ್ದೇನೆ. ಎರಡನೇ ಕ್ಯಾನು ಮನೆಯಲ್ಲೇ. ದೋಣಿಯ ಹೊರಗೆ ಬಿಳಿ ಪೇಂಟಲ್ಲಿ ಗೆರೆ ಎಳೆದಿದ್ದೇನೆ, ಆ ಗೆರೆ ಮುಳುಗಿದರೆ ಏನಾದರೂ ಇಳಿಸಬೇಕು. ಭಾವ ಹತ್ತುವ ಮೊದಲು ಬಗ್ಗಿ ಆ ಗೆರೆ ನೋಡುತ್ತಾರೆ, ಆಮೇಲೆ ನನ್ನ ಮುಖ ನೋಡುತ್ತಾರೆ.