ಚೆಂಡಿನ ಮನೆಗೆ ಗೇಟು ಯಾಕೆ?

ನಮಸ್ಕಾರ. ಮುಂಬೈಯ ಮರೀನ್ ಡ್ರೈವ್ ಉದ್ದಕ್ಕೂ ಒಮ್ಮೆ ನಡೆದು ನೋಡಿ. ಪಾರ್ಸಿ ಜಿಮ್ಖಾನಾ, ಇಸ್ಲಾಂ ಜಿಮ್ಖಾನಾ, ಹಿಂದೂ ಜಿಮ್ಖಾನಾ, ಎಲ್ಲವೂ ಆಟದ ಕ್ಲಬ್ಬುಗಳು. ನಮ್ಮ ಕನ್ನಡಿಗರು ಜಾಸ್ತಿ ಇರುವ ಮಾಟುಂಗಾದಲ್ಲೂ ಒಂದಿದೆ. ಈ ಜಿಮ್ಖಾನಾ ಅನ್ನೋದು ಅಪ್ಪಟ ಇಂಗ್ಲಿಷ್ ಪದ ಅಂತ ತುಂಬಾ ಜನ ನಂಬಿದ್ದಾರೆ. ಅಲ್ಲ.

ಖಾನೆ ನಮಗೆ ಗೊತ್ತಿರುವುದೇ. ಕಾರ್ಖಾನೆ, ಬಂದೀಖಾನೆ, ಹುಬ್ಬಳ್ಳಿ ಕಡೆಯವರ ದವಾಖಾನೆ. ಫಾರ್ಸಿಯಿಂದ ಬಂದದ್ದು, ಮನೆ ಅಂತ ಅರ್ಥ. ತಕರಾರಿರುವುದು ಜಿಮ್ ಬಗ್ಗೆ. ಇಂಗ್ಲಿಷಿಗೆ ಸೇರಿದ ಭಾರತದ ಪದಗಳ ನಿಘಂಟು, 1886ರ ಹಾಬ್ಸನ್-ಜಾಬ್ಸನ್ ಪ್ರಕಾರ, ಇಂಗ್ಲಿಷರು ರ‍್ಯಾಕೆಟ್ ಆಡುವ ಜಾಗವನ್ನು ಹಿಂದಿ ಜನ ಗೇಂದ್‌ಖಾನಾ ಅನ್ನುತ್ತಿದ್ದರು. ಅಂದರೆ ಚೆಂಡಿನ ಮನೆ. ಅದಕ್ಕೇ ಜಿಮ್ನಾಸ್ಟಿಕ್ಸ್‌ನ ಜಿಮ್ ಸೇರಿಕೊಂಡು ಜಿಮ್ಖಾನಾ ಆಗಿರಬೇಕು. ಪದ ಹುಟ್ಟಿದ್ದು ಬಾಂಬೆ ಪ್ರೆಸಿಡೆನ್ಸಿಯಲ್ಲೇ ಇರಬೇಕು ಅಂತಲೂ ಆ ನಿಘಂಟು ಹೇಳುತ್ತದೆ. ಆಗ ಧಾರವಾಡ, ಬೆಳಗಾವಿಯೂ ಅದೇ ಪ್ರೆಸಿಡೆನ್ಸಿ, ನೆನಪಿರಲಿ. ಆಮೇಲೆ ಪದ ಹಡಗು ಹತ್ತಿತು. ಇಂಗ್ಲೆಂಡಿನಲ್ಲಿ ಕುದುರೆ ಆಟಕ್ಕೆ ಆ ಹೆಸರು, ಜಪಾನಿನಲ್ಲಿ ಕಾರಿನ ಕಸರತ್ತಿಗೆ.

ನನಗೆ ಬೇಜಾರಾಗುವುದು ಇಲ್ಲಿ. ಹೆಸರು ಕೊಟ್ಟವರು ಈ ನೆಲದ ಜನ. ಆದರೆ 1875ರಲ್ಲಿ ಬಾಂಬೆ ಜಿಮ್ಖಾನಾ ಶುರುವಾದಾಗ ಅವರಿಗೇ ಸದಸ್ಯತ್ವ ಇಲ್ಲ. ಅದು ಬಿಳಿಯರಿಗೆ ಮಾತ್ರ. 1933ರಲ್ಲಿ ಭಾರತದ ನೆಲದ ಮೊದಲ ಕ್ರಿಕೆಟ್ ಟೆಸ್ಟ್ ನಡೆದದ್ದು, ಲಾಲಾ ಅಮರನಾಥ್ 118 ಹೊಡೆದದ್ದು ಅದೇ ಮೈದಾನದಲ್ಲಿ. ಹೊರಗುಳಿದವರು ತಮ್ಮ ತಮ್ಮ ಧರ್ಮದ ಹೆಸರಲ್ಲಿ ಬೇರೆ ಬೇರೆ ಜಿಮ್ಖಾನಾ ಕಟ್ಟಿಕೊಂಡರು. ಒಂದು ಗೇಟಿನ ಬದಲು ನಾಲ್ಕು ಗೇಟಾಯಿತು ಅಷ್ಟೇ.

ಗೇಟಿನ ಒಳಗೂ ಗೆರೆ ಇತ್ತು. ಧಾರವಾಡದಲ್ಲಿ ಹುಟ್ಟಿದ ಕ್ರಿಕೆಟಿಗ ಪಾಲ್ವಣಕರ್ ಬಾಲೂ ಅವರನ್ನೇ ನೋಡಿ. ದಲಿತ ಕುಟುಂಬ. ಪುಣೆಯ ಬಿಳಿಯರ ಕ್ಲಬ್ಬಿನಲ್ಲಿ ಮೈದಾನದ ಕೆಲಸ. ನೆಟ್ಟಿನಲ್ಲಿ ಸಾಹೇಬರಿಗೆ ಎಸೆದೂ ಎಸೆದೂ ಎಡಗೈ ಸ್ಪಿನ್ ಪಳಗಿತು. ಪುಣೆಯ ಹಿಂದೂಗಳು ಅವರನ್ನು ತಂಡಕ್ಕೆ ಸೇರಿಸಿಕೊಂಡರು. ಆದರೆ ಚಹಾ ಮಾತ್ರ ಪೆವಿಲಿಯನ್ ಹೊರಗೆ, ಬೇರೆ ಮಣ್ಣಿನ ಲೋಟದಲ್ಲಿ! ಅವರು ಎಸೆದ ಚೆಂಡು ಎಲ್ಲರ ಕೈಗೂ ಆಗುತ್ತಿತ್ತಲ್ವಾ? ಮುಂಬೈಗೆ ಬಂದು ಹಿಂದೂ ಜಿಮ್ಖಾನಾಕ್ಕೆ ಆಡಿದರು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 100ಕ್ಕೂ ಹೆಚ್ಚು ವಿಕೆಟ್ ಕಿತ್ತರು. ಆದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಸಿಗಲಿಲ್ಲ. 1923ರಲ್ಲಿ ಸಿಕ್ಕಿದ್ದು ತಮ್ಮ ವಿಠ್ಠಲ್‌ಗೆ. ಇಂಥವರ ಹೆಸರು ಮುಂಬೈ ಕನ್ನಡಿಗರ ಮನೆಮನೆಯಲ್ಲೂ ಗೊತ್ತಿರಬೇಕು ಅಂತ ನನ್ನ ಆಸೆ.

ಇವತ್ತು ಬಣ್ಣದ, ಜಾತಿಯ ಬೋರ್ಡು ಇಲ್ಲ, ನಿಜ. ಆದರೆ ಸದಸ್ಯತ್ವದ ಫೀ ಕೇಳಿದರೆ ಕ್ಯಾಂಟೀನ್ ಹುಡುಗನ ಮಗನೂ ಒಳಗೆ ಬರಲಾರ, ವಠಾರದಂಥ ಚಾಳಿನ ಹುಡುಗಿಯೂ ಬರಲಾರಳು. ಮರೀನ್ ಡ್ರೈವಿನ ಈ ಮೈದಾನಗಳು ಸರ್ಕಾರ ಗುತ್ತಿಗೆಗೆ ಕೊಟ್ಟ ಜಾಗ. ಗುತ್ತಿಗೆ ಮುಂದುವರಿಸುವಾಗ ಸರ್ಕಾರ ಒಂದೇ ಒಂದು ಷರತ್ತು ಬರೆಸಲಿ: ವಾರದಲ್ಲಿ ಕೆಲವು ಬೆಳಗ್ಗೆ ಮುನಿಸಿಪಾಲ್ಟಿ ಶಾಲೆಯ ಮಕ್ಕಳಿಗೆ ಮೈದಾನ ಬಿಡಬೇಕು, ಫೀ ಇಲ್ಲದೆ, ಕೋಚ್ ಸಮೇತ.